ಕುರುಹು, ಲಾಂಛನ, ಗುರುತು: ಏಳುಮಲೆಯ ಹಿನ್ನೆಲೆಯಲ್ಲಿ ಮೂರು ಮಾತುಗಳ ಚರಿತ್ರೆ

ಒಂದು ವಸ್ತುವನ್ನು ಮತ್ತೊಂದರಿಂದ ಬೇರ್ಪಡಿಸಿ ತಿಳಿಯುವುದು ಜ್ಞಾನದ ಮೊದಲ ಮೆಟ್ಟಿಲು. ಇದು ಹಸು, ಇದು ಎಮ್ಮೆ. ಇದು ನಮ್ಮ ಹಸು, ಅದು ನೆರೆಯವರದು. ಎಂದು ತಿಳಿಯುವಲ್ಲಿ ನಾವು ಅರಿವಿಲ್ಲದೆಯೇ ಯಾವುದಾದರೊಂದು ಚಿಹ್ನೆಯನ್ನು ಹಿಡಿದಿರುತ್ತೇವೆ. ಕೊಂಬಿನ ಬಾಗು, ಹಣೆಯ ಬಿಳಿ ಚುಕ್ಕೆ, ಕೊರಳಿನ ಗಂಟೆಯ ದನಿ ಇವುಗಳಲ್ಲಿ ಒಂದು ಸಾಕು. ಇಂತಹ ಚಿಹ್ನೆಯನ್ನು ಹೇಳುವುದಕ್ಕೆ ಕನ್ನಡದಲ್ಲಿ ಮಾತುಗಳಿಗೆ ಕೊರತೆಯಿಲ್ಲ. ಕುರುಹು, ಗುರುತು, ಗುರಿ, ಸುಳಿವು, ಕಲೆ, ಹಚ್ಚೆ ಎಂಬ ದೇಶೀಯ ಪದಗಳೂ, ಲಾಂಛನ, ಚಿಹ್ನೆ, ಲಕ್ಷಣ, ಅಂಕ, ಅಂಕಿತ, ಮುದ್ರೆ, ಲಿಂಗ ಎಂಬ ಸಂಸ್ಕೃತ ಮೂಲದ ಪದಗಳೂ ಒಟ್ಟಾಗಿ ನಮ್ಮ ಭಾಷೆಯಲ್ಲಿ ನೆಲೆಸಿವೆ. ಇವೆಲ್ಲವನ್ನೂ ಸಮಾನಾರ್ಥಕ ಪದಗಳೆಂದು ಶಾಲೆಗಳಲ್ಲಿ ಬರೆಯಿಸುವುದು ವಾಡಿಕೆ. ನಾನೂ ಹಲವು ವರ್ಷ ಹಾಗೆಯೇ ಬರೆಯಿಸಿದವನು.

ಕೊಳ್ಳೇಗಾಲದ ಕಡೆಯ ಒಂದು ಶಾಲೆಯಲ್ಲಿ ನಾನು ಅಧ್ಯಾಪಕನಾಗಿದ್ದಾಗ, ಏಳನೆಯ ತರಗತಿಯ ಹುಡುಗನೊಬ್ಬನು ಎದ್ದು ನಿಂತು, ತನ್ನ ತಾತನ ಕೊರಳಿನಲ್ಲಿರುವುದು ಕುರುಹೋ ಲಾಂಛನವೋ ಎಂದು ಕೇಳಿದನು. ಅವನ ತಾತ ಮಲೆಯ ಮಹದೇಶ್ವರಸ್ವಾಮಿಯ ದೇವರಗುಡ್ಡ. ಕೊರಳಿಗೆ ರುದ್ರಾಕ್ಷಿಯ ಸರ, ಹೆಗಲಿಗೆ ಜೋಳಿಗೆ, ಕೈಗೆ ಕಂಸಾಳೆ. 'ಎರಡೂ ಒಂದೇ, ಕುಳಿತುಕೋ' ಎಂದು ನಾನು ಉತ್ತರವಿತ್ತೆ. ಹುಡುಗನು ಕುಳಿತನು. ಆದರೆ ಅವನ ಮುಖದಲ್ಲಿ ಉತ್ತರ ದೊರೆತ ಸಮಾಧಾನವಿರಲಿಲ್ಲ. ವಚನಗಳನ್ನು ಮತ್ತೆ ಮತ್ತೆ ಓದುತ್ತ ಬಂದಂತೆ ನನ್ನ ಉತ್ತರ ತಪ್ಪೆಂಬುದು ನನಗೆ ಮನವರಿಕೆಯಾಯಿತು. ಎರಡೂ ಒಂದಾಗಿದ್ದರೆ ನಮ್ಮ ಶರಣರು ಒಂದನ್ನು ಹೊಗಳಿ ಹಿಡಿದು, ಇನ್ನೊಂದನ್ನು ಅಷ್ಟು ಎಚ್ಚರಿಕೆಯಿಂದ ಒರೆಗೆ ಹಚ್ಚುತ್ತಿರಲಿಲ್ಲ. ತಡವಾಗಿಯಾದರೂ ಆ ಪ್ರಶ್ನೆಗೆ ಸಲ್ಲಬೇಕಾದ ವಿಚಾರವನ್ನು ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಪದಗಳ ಹುಟ್ಟು

ಮೊದಲು ದೇಶೀಯ ಪದವನ್ನು ನೋಡೋಣ. ಇಂದು ನಾವು 'ಕುರುಹು' ಎಂದು ಬರೆಯುವ ಪದ ಹಳಗನ್ನಡದಲ್ಲಿ ಶಕಟರೇಫದಿಂದ ಕೂಡಿ 'ಕುಱುಪು', 'ಕುಱುಹು' ಎಂದಿತ್ತು. ಪಾಲು ಹಾಲಾದಂತೆ, ಪೂವು ಹೂವಾದಂತೆ, ಇಲ್ಲಿಯೂ ಪಕಾರ ಹಕಾರವಾಗಿದೆ. ತಮಿಳಿನ 'ಕುಱಿ', ತೆಲುಗಿನ 'ಗುಱಿ', 'ಗುಱುತು' ಇದೇ ಬಳ್ಳಿಯ ಕಾಯಿಗಳು. ನಮ್ಮ 'ಗುರಿ' ಮತ್ತು 'ಗುರುತು' ಎಂಬ ಮಾತುಗಳೂ ಈ ಧಾತುವಿಗೇ ಸೇರುತ್ತವೆ. ಬಾಣ ಹೂಡುವವನು ದೂರದಲ್ಲಿ ನೆಟ್ಟ ಚಿಹ್ನೆ 'ಗುರಿ'. ಹಿಂದೆ ಕಂಡುದನ್ನು ಮತ್ತೆ ಕಂಡಾಗ ಮನಸ್ಸು ಹಿಡಿಯುವ ಚಿಹ್ನೆ 'ಗುರುತು'. ಮೊದಲ ಬಾರಿಗೆ ಕಂಡವನನ್ನು ಯಾರೂ 'ಗುರುತು ಹಿಡಿದೆ' ಎನ್ನುವುದಿಲ್ಲ. ಗುರುತಿಗೆ ಹಿಂದಿನ ಪರಿಚಯ ಬೇಕು, ನೆನಪು ಬೇಕು. ಕುರುಹಿಗೆ ಅದು ಬೇಕಿಲ್ಲ. ಕಾಣದ ವಸ್ತುವಿನ ಕಡೆಗೆ ಬೆರಳು ತೋರುವುದೇ ಕುರುಹಿನ ಕೆಲಸ. ಕಾಡಿನ ಹಾದಿಯ ಮಣ್ಣಿನಲ್ಲಿ ಮೂಡಿದ ಹುಲಿಯ ಹೆಜ್ಜೆ ಕುರುಹು. ಹುಲಿ ಅಲ್ಲಿಲ್ಲ, ಆದರೆ ಉಂಟು ಎಂಬುದನ್ನು ಅದು ಹೇಳುತ್ತದೆ.

ಇನ್ನು ಸಂಸ್ಕೃತದ ಪದಗಳು. ಅಮರಸಿಂಹನು ತನ್ನ ಕೋಶದ ದಿಗ್ವರ್ಗದಲ್ಲಿ ಚಂದ್ರನ ಮೈಮೇಲಿನ ಮಚ್ಚೆಯನ್ನು ಹೇಳುವ ಸಂದರ್ಭದಲ್ಲಿ ಕಲಂಕ, ಅಂಕ, ಲಾಂಛನ, ಚಿಹ್ನ, ಲಕ್ಷಣ ಮುಂತಾದವನ್ನು ಒಂದೇ ಗುಂಪಿಗೆ ಸೇರಿಸಿದ್ದಾನೆ. ಚಂದ್ರನ ಕಲೆ ಎಲ್ಲರಿಗೂ ಕಾಣುವಂಥದು; ಹುಡುಕಬೇಕಾದ್ದಿಲ್ಲ. ಲಾಂಛನ ಪದದ ಜೀವ ಇರುವುದು ಇಲ್ಲಿಯೇ: ಅದು ಎದ್ದುಕಾಣಬೇಕು, ಕಂಡೊಡನೆ ಇಂಥವನೇ ಎಂದು ತಿಳಿಯಬೇಕು. ಜಿನಬಿಂಬಗಳ ಉದಾಹರಣೆ ಇದಕ್ಕೆ ಒಪ್ಪುತ್ತದೆ. ತೀರ್ಥಂಕರರ ಮೂರ್ತಿಗಳು ಮುಖಭಾವದಲ್ಲಿ, ನಿಲುವಿನಲ್ಲಿ ಬಹುಮಟ್ಟಿಗೆ ಒಂದೇ ಬಗೆ. ಪೀಠದಲ್ಲಿ ಎತ್ತಿದ್ದರೆ ಆದಿನಾಥ, ಸಿಂಹವಿದ್ದರೆ ಮಹಾವೀರ. ಅರಸರಿಗೂ ಹೀಗೆಯೇ. ಚಾಲುಕ್ಯರ ಶಾಸನಕ್ಕೆ ವರಾಹ, ತಲಕಾಡಿನ ಗಂಗರ ಮುದ್ರೆಗೆ ಮದಗಜ. ಓದು ಬಾರದ ಪ್ರಜೆಯೂ ಆನೆಯನ್ನು ಕಂಡು ಇದು ಅರಸನ ಆಜ್ಞೆಯೆಂದು ತಲೆಬಾಗುತ್ತಿದ್ದನು. ಲಾಂಛನಕ್ಕೆ ಮನ್ನಣೆ ಸಲ್ಲುವುದು ಹೊತ್ತವನ ಗುಣಕ್ಕಾಗಿ ಅಲ್ಲ, ಅದು ಯಾರದೆಂಬುದಕ್ಕಾಗಿ.

'ಲಿಂಗ' ಎಂಬ ಪದದ ಮೊದಲ ಅರ್ಥವೂ ಚಿಹ್ನೆಯೇ ಎಂಬುದನ್ನು ನಮ್ಮ ಭಕ್ತಜನ ಅನೇಕ ವೇಳೆ ಮರೆಯುತ್ತಾರೆ. ನ್ಯಾಯಶಾಸ್ತ್ರದಲ್ಲಿ ಬೆಂಕಿಗೆ ಹೊಗೆಯೇ ಲಿಂಗ. ವ್ಯಾಕರಣದಲ್ಲಿ ಪುರುಷ, ಸ್ತ್ರೀ ಭೇದವನ್ನು ತಿಳಿಸುವುದು ಲಿಂಗ. ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಈ ಅರ್ಥದಲ್ಲಿಯೇ ಪದವನ್ನು ಬಳಸುತ್ತಾನೆ. ಹೀಗಿರುವಲ್ಲಿ ಶರಣರು ಅಂಗೈಯಲ್ಲಿ ಹಿಡಿದ ಇಷ್ಟಲಿಂಗವನ್ನು ಅಚ್ಚಗನ್ನಡದಲ್ಲಿ 'ಕುರುಹು' ಎಂದು ಕರೆದದ್ದು ಅತ್ಯಂತ ಸಹಜವಾದುದು. ಅವರು ಸಂಸ್ಕೃತ ಪದದ ಒಡಲನ್ನು ತೆರೆದು, ಅದರ ಮೂಲಾರ್ಥವನ್ನು ತಾಯ್ನುಡಿಯಲ್ಲಿ ಹೇಳಿದರು.

ವಚನಗಳಲ್ಲಿ ಕುರುಹು ಮತ್ತು ಲಾಂಛನ

ವಚನಗಳನ್ನು ಗಮನವಿಟ್ಟು ಓದಿದರೆ ಕುರುಹು ಎಂಬ ಪದ ಬಹುವೇಳೆ ಒಂಟಿಯಾಗಿ ಬರುವುದಿಲ್ಲವೆಂಬುದು ತೋರುತ್ತದೆ. 'ಅರಿವು' ಎಂಬುದು ಅದರ ಜೊತೆಗಾರ. ಅರಿವು, ಕುರುಹು ಎರಡೂ ಹಿಂದೆ ಶಕಟರೇಫದ ಪದಗಳು; ಕಿವಿಗೂ ಜೋಡಿ, ಅರ್ಥಕ್ಕೂ ಜೋಡಿ. ಕುರುಹನ್ನು ಹಿಡಿದು ಅರಿವಿಗೆ ಏರಬೇಕು. ಅರಿವು ಬಲಿತ ಮೇಲೆ ಕುರುಹು ಅರಿವಿನಲ್ಲಿಯೇ ಅಡಗಬೇಕು. ಇದು ಶರಣರ ನಿಲುವಿನ ಸಾರ. ಕುರುಹನ್ನು ಬಿಟ್ಟೆನೆಂದು ಬೀಗುವವನನ್ನೂ, ಕುರುಹಿನಲ್ಲಿಯೇ ನಿಂತು ಮುಂದೆ ನಡೆಯದವನನ್ನೂ ಅವರು ಒಪ್ಪಲಿಲ್ಲ. ದಾರಿಯ ಕೈಮರವನ್ನು ಕಿತ್ತೆಸೆದವನೂ ಊರು ಸೇರಲಾರ, ಕೈಮರವನ್ನೇ ತಬ್ಬಿ ಕುಳಿತವನೂ ಊರು ಸೇರಲಾರ.

ಶೂನ್ಯಸಂಪಾದನೆಯ ಒಂದು ಪ್ರಸಂಗವಂತೂ ಈ ಪದದ ಮೇಲೆಯೇ ನಿಂತಿದೆ. ಅಕ್ಕಮಹಾದೇವಿಯು ಕಲ್ಯಾಣದ ಶರಣರ ಸಭೆಗೆ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ಆದರದಿಂದ ಬರಮಾಡಿಕೊಳ್ಳದೆ, ನಿನ್ನ ಪತಿಯ ಕುರುಹನ್ನು ಹೇಳಿದರೆ ಮಾತ್ರ ಇಲ್ಲಿ ಸ್ಥಾನವೆಂದು ತಡೆದು ನಿಲ್ಲಿಸುತ್ತಾರೆ. ಲೋಕದ ಹೆಂಗಸಿಗೆ ಈ ಪ್ರಶ್ನೆ ಸುಲಭ: ಇಂಥ ಊರು, ಇಂಥ ಮನೆ, ಇಂಥ ರೂಪು ಎಂದರೆ ಮುಗಿಯಿತು. ಆದರೆ ಅಕ್ಕ ವರಿಸಿದವನು ಸಾವು ಕೇಡುಗಳಿಲ್ಲದವನು, ಎಡೆ ಕಡೆಗಳಿಲ್ಲದವನು, ರೂಪಿಲ್ಲದವನು, ಕುರುಹಿಲ್ಲದವನು ಎಂದು ಆಕೆಯ ವಚನಗಳೇ ಸಾರುತ್ತವೆ. ಕುರುಹಿಲ್ಲದವನ ಕುರುಹನ್ನು ಕೇಳುವುದು ಎಂತಹ ಕಠಿಣ ಪರೀಕ್ಷೆ! ಅದೇ ಅಕ್ಕ ಮತ್ತೊಂದು ವಚನದಲ್ಲಿ, ಜಡೆಗಟ್ಟಿದ ಗೊರವನೊಬ್ಬನು ಕನಸಿನಲ್ಲಿ ಬಂದು ತನ್ನನ್ನು ಕೂಡಿದುದನ್ನು ಗೆಳತಿಗೆ ಹೇಳುವಾಗ ಅವನ ಚಹರೆಯನ್ನು ಒಂದೊಂದಾಗಿ ಎಣಿಸುತ್ತಾಳೆ. ಒಂದೆಡೆ ಕುರುಹೇ ಇಲ್ಲ. ಇನ್ನೊಂದೆಡೆ ಅಡಿಯಿಂದ ಮುಡಿಯವರೆಗೆ ಕುರುಹು. ಇದು ವಿರೋಧವಲ್ಲ. ಒಲಿದವಳಿಗೆ ಅವನು ಭಿಕ್ಷುಕನ ರೂಪಿನಲ್ಲಿ ಕಾಣಿಸಿಕೊಳ್ಳುತ್ತಾನೆ. ಕಂಡದ್ದರಲ್ಲಿ ಅವನು ಮುಗಿದುಹೋಗುವುದಿಲ್ಲ. ಭಿಕ್ಷುಕನ ರೂಪಿನಲ್ಲಿ ಬರುವ ದೇವರು ಎಂಬ ಈ ಮಾತನ್ನು ವಾಚಕರು ನೆನಪಿಡಬೇಕು. ಏಳುಮಲೆಯಲ್ಲಿ ನಾವು ಮತ್ತೆ ಅವನನ್ನು ಕಾಣಲಿದ್ದೇವೆ.

ಲಾಂಛನದ ಮಾತು ಬೇರೆ. ವಿಭೂತಿ, ರುದ್ರಾಕ್ಷಿ, ಕಾವಿ, ಜಡೆ ಇವು ನೋಡುವವರ ಕಣ್ಣಿಗೆ ಸಲ್ಲುವ ಚಿಹ್ನೆಗಳು. ಬಸವಣ್ಣನವರು ಲಾಂಛನವನ್ನು ಕಂಡೊಡನೆ ಶರಣೆಂದವರು. ಬಸವಪುರಾಣದ ಪರಂಪರೆಯಲ್ಲಿ ಬರುವ ಬದನೆಯ ಕಾಯಿಯ ಕಥೆ ಪ್ರಸಿದ್ಧವಾದುದು. ಮಹಾಮನೆಯ ಊಟದ ಆಸೆಗೆ ಕೆಲವರು ಬದನೆಯ ಕಾಯಿಗಳನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಲಿಂಗವಂತರಂತೆ ಬಂದು ಕುಳಿತರು. ಬಸವಣ್ಣನವರು ಸಂಶಯಪಡದೆ ನಮಸ್ಕರಿಸಿದರು. ಬಿಚ್ಚಿ ನೋಡಿದಾಗ ಬದನೆಯ ಕಾಯಿಗಳೆಲ್ಲ ಲಿಂಗಗಳಾಗಿದ್ದವು. ಸುಳ್ಳು ಲಾಂಛನವನ್ನು ನಂಬುವವನ ನಿಷ್ಠೆಯೇ ನಿಜವಾಗಿಸಿತೆಂಬುದು ಕಥೆಯ ಹೃದಯ. ಆದರೆ ಇದಕ್ಕೆ ಇನ್ನೊಂದು ಮುಖವೂ ಉಂಟು. ಗುಣವಿಲ್ಲದೆ ವೇಷವನ್ನು ಮಾತ್ರ ಹೊತ್ತು ತಿರುಗುವವರನ್ನು ಅಂಬಿಗರ ಚೌಡಯ್ಯನು ಎಷ್ಟು ಕಟುವಾಗಿ ಝಾಡಿಸಿದನೆಂಬುದು ವಚನಾಭ್ಯಾಸಿಗಳಿಗೆ ತಿಳಿದೇ ಇದೆ. ಲಾಂಛನಕ್ಕೆ ನಮಸ್ಕರಿಸುವುದು ನೋಡುವವನ ಧರ್ಮ. ಲಾಂಛನಕ್ಕೆ ತಕ್ಕಂತೆ ನಡೆಯುವುದು ಹೊತ್ತವನ ಧರ್ಮ. ಮೊದಲನೆಯದನ್ನು ಬಸವಣ್ಣನವರು ಕಲಿಸಿದರೆ ಎರಡನೆಯದನ್ನು ಚೌಡಯ್ಯ ನೆನಪಿಸಿದನು.

ಇಲ್ಲಿ ಅಂಕಿತದ ವಿಚಾರವನ್ನೂ ಒಂದೆರಡು ಮಾತಿನಲ್ಲಿ ಸೇರಿಸಬಹುದು. ಓಲೆಗರಿಗಳಲ್ಲಿ ಹರಡಿಹೋಗಿದ್ದ ವಚನಗಳು ಯಾರ ರಚನೆಗಳೆಂದು ನಮಗೆ ತಿಳಿದದ್ದು ಬಹುಮಟ್ಟಿಗೆ ಅಂಕಿತಗಳಿಂದ. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದ ಕಾಲದಿಂದ ೧೯೯೩ರಲ್ಲಿ ಸರ್ಕಾರವು ಹೊರತಂದ ಹದಿನೈದು ಸಮಗ್ರ ವಚನ ಸಂಪುಟಗಳವರೆಗೆ ಸಂಪಾದಕರಿಗೆ ದಾರಿದೀಪವಾದದ್ದು ಈ ಚಿಹ್ನೆಯೇ. ಕೂಡಲಸಂಗಮದೇವನೆಂದರೆ ಬಸವಣ್ಣನವರು; ನಡುವೆ 'ಚೆನ್ನ' ಎಂಬ ಎರಡಕ್ಷರ ಸೇರಿದರೆ ಚೆನ್ನಬಸವಣ್ಣನವರು. ಎರಡಕ್ಷರದ ಅಂತರದಲ್ಲಿ ಇಬ್ಬರು ಮಹಾನುಭಾವರು ಬೇರೆ ಬೇರೆಯಾಗಿ ಗುರುತಿಸಲ್ಪಡುತ್ತಾರೆ. ಆದರೆ ವಚನಕಾರನು ಅಲ್ಲಿ ತನ್ನ ಹೆಸರನ್ನು ಬರೆಯಲಿಲ್ಲ, ತನ್ನ ದೇವರ ಹೆಸರನ್ನು ಬರೆದನು. ತಾನು ಯಾರೆಂಬುದಕ್ಕೆ ತನ್ನ ದೇವರೇ ಗುರುತೆಂಬ ವಿನಯ ಇದರಲ್ಲಿದೆ.

ಏಳುಮಲೆಯ ಹೆಸರುಗಳು

ಇನ್ನು ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಹೊರಳೋಣ. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿರುವ ಈ ಕ್ಷೇತ್ರ ಹಿಂದೆ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಕಂಪನಿ ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಹೋಯಿತು. ೧೯೫೬ರ ನವೆಂಬರ್ ೧ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಮೈಸೂರು ರಾಜ್ಯಕ್ಕೆ ಮರಳಿತು. ಒಂದೂವರೆ ಶತಮಾನಕ್ಕೂ ಮಿಕ್ಕಿ ಆಡಳಿತದ ಮುದ್ರೆ ಬೇರೆಯಾಗಿದ್ದರೂ ಮಾದಪ್ಪನ ಒಕ್ಕಲು ಚದುರಲಿಲ್ಲ. ಇಂದಿಗೂ ಮೈಸೂರು, ಮಂಡ್ಯ, ಬೆಂಗಳೂರು ಕಡೆಯ ಕನ್ನಡಿಗರೂ, ಸೇಲಂ, ಈರೋಡು, ಧರ್ಮಪುರಿ ಕಡೆಯ ತಮಿಳರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕುರುಹು ಎನ್ನುವವರೂ ಕುಱಿ ಎನ್ನುವವರೂ ಅಲ್ಲಿ ಒಟ್ಟಾಗುತ್ತಾರೆ.

ಏಳುಮಲೆ ಎಂದು ಜನ ಎಣಿಸುವ ಬೆಟ್ಟಗಳ ಹೆಸರುಗಳನ್ನು ನೋಡಿರಿ: ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ. ಹೊರಗಿನವರ ಕಣ್ಣಿಗೆ ಎಲ್ಲವೂ ಒಂದೇ ಬಗೆಯ ನೀಲಿಯ ಸಾಲು. ಒಳಗಿನವರು ಒಂದಕ್ಕೆ ಆನೆಯನ್ನೂ, ಒಂದಕ್ಕೆ ಜೇನನ್ನೂ, ಒಂದಕ್ಕೆ ದಟ್ಟವಾದ ಕಾನನ್ನೂ, ಒಂದಕ್ಕೆ ಹಸುರನ್ನೂ, ಒಂದಕ್ಕೆ ಹವಳವನ್ನೂ ಕುರುಹಾಗಿಟ್ಟು ಬೇರ್ಪಡಿಸಿದ್ದಾರೆ. ಕೊಂಗುಮಲೆಯೆಂಬ ಹೆಸರು ಕೊಂಗುನಾಡಿನ ನೆರೆಯನ್ನು ನೆನಪಿಸುತ್ತದೆ. ಪೊನ್ನಾಚಿ ಇಂದಿಗೂ ಆ ಭಾಗದ ಒಂದು ಊರು. ಇನ್ನೊಂದು ಸ್ವಾರಸ್ಯವನ್ನೂ ಗಮನಿಸಬೇಕು. ನಾಡಿನಲ್ಲಿ ಪವಳ ಹವಳವಾಗಿ ಎಷ್ಟೋ ಶತಮಾನಗಳಾದವು. ಬೆಟ್ಟದ ಹೆಸರಿನಲ್ಲಿ ಮಾತ್ರ ಹಳೆಯ ಪಕಾರ ಹಾಗೆಯೇ ಉಳಿದಿದೆ. ಪಚ್ಚೆ ಎಂಬ ಪದವೂ ಹೀಗೆಯೇ. ಅದು ಹಕಾರ ತಳೆದು 'ಹಚ್ಚೆ'ಯಾದಾಗ ಮೈಮೇಲೆ ಚುಚ್ಚಿಸಿಕೊಳ್ಳುವ, ಅಳಿಸಲಾಗದ ಹಸುರು ಗುರುತಿಗೆ ಹೆಸರಾಯಿತು. ಬೆಟ್ಟದ ಹಸುರೂ ತೋಳಿನ ಮೇಲಿನ ಹಸುರೂ ಒಂದೇ ಮಾತಿನ ಎರಡು ರೂಪಗಳು.

ಗುಡ್ಡರ ಲಾಂಛನ

ಮಹದೇಶ್ವರಸ್ವಾಮಿಗಳ ಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ ಹದಿನಾಲ್ಕು, ಹದಿನೈದನೆಯ ಶತಮಾನಗಳ ಸುಮಾರಿಗೆ ಇಡುತ್ತಾರೆ. ವಿಜಯನಗರದಲ್ಲಿ ಪ್ರೌಢದೇವರಾಯನ ಆಶ್ರಯದಲ್ಲಿ ವೀರಶೈವ ವಿದ್ವಾಂಸರು ವಚನಗಳನ್ನು ಸಂಗ್ರಹಿಸಿ ಸಂಕಲಿಸುತ್ತಿದ್ದ ಯುಗವೂ ಇದಕ್ಕೆ ಸಮೀಪದ್ದೇ. ರಾಜಧಾನಿಯಲ್ಲಿ ಓಲೆಗರಿಯ ಮೇಲೆ ಕುರುಹು ಮತ್ತು ಅರಿವುಗಳ ಮೀಮಾಂಸೆ ನಡೆಯುತ್ತಿದ್ದ ಕಾಲಕ್ಕೆ ತೆಂಕಣ ಗಡಿಯ ಕಾಡಿನಲ್ಲಿ ಅದೇ ಮೀಮಾಂಸೆ ಬಾಯಿಂದ ಬಾಯಿಗೆ ಹಾಡಾಗಿ ಹರಿಯತೊಡಗಿತೆಂದು ಭಾವಿಸಲು ಅಡ್ಡಿಯಿಲ್ಲ. ಜನಪದ ಮಹಾಕಾವ್ಯದಲ್ಲಿ ಸ್ವಾಮಿಗಳು ಉತ್ತರ ದೇಶದಿಂದ ಬಂದು, ಸುತ್ತೂರು, ಕುಂತೂರು ಮಠಗಳಲ್ಲಿ ರಾಗಿ ಬೀಸುವ ಸೇವೆಯನ್ನೂ ಕೈಗೊಂಡು, ಕಡೆಗೆ ಏಳುಮಲೆಯನ್ನು ಸೇರುತ್ತಾರೆ. ಮಠದಲ್ಲಿ ರಾಗಿ ಬೀಸುವ ಹುಡುಗನಲ್ಲಿ ಪರಶಿವನನ್ನು ಯಾರು ತಾನೇ ಕಂಡಾರು? ಕಾವ್ಯದ ಆರಂಭದಿಂದಲೇ ಗುರುತಿನ ಪ್ರಶ್ನೆ ತಲೆಯೆತ್ತುತ್ತದೆ.

ಬೆಟ್ಟದ ಪೂಜೆ ಬೇಡಗಂಪಣರದು. ಬೇಟೆಗಾರರಾಗಿದ್ದ ತಮ್ಮ ಹಿರಿಯರಿಗೆ ಸ್ವಾಮಿಗಳೇ ಲಿಂಗವನ್ನು ಕರುಣಿಸಿದರೆಂಬುದು ಅವರ ಪ್ರತೀತಿ. ದೀಪಾವಳಿಯ ಹಾಲರವೆ ಉತ್ಸವದಲ್ಲಿ ಆ ಕುಲದ ೧೦೧ ಬಾಲೆಯರು ಕಲಶಗಳನ್ನು ಹೊತ್ತು ಸಾಲಾಗಿ ನಡೆದು ಬರುವ ನೋಟವನ್ನು ಒಮ್ಮೆ ಕಂಡವರು ಮರೆಯಲಾರರು. ಕ್ಷೇತ್ರದ ಗುರುಪೀಠವಾದ ಸಾಲೂರು ಮಠ ಬೆಟ್ಟದ ಮೇಲೆಯೇ ಇದೆ. ಇವರೊಡನೆ ಊರೂರುಗಳಲ್ಲಿ ಹರಡಿಕೊಂಡಿರುವವರು ದೇವರಗುಡ್ಡರು. ಹಾಲುಮತದವರೇ ಹೆಚ್ಚಾಗಿದ್ದರೂ ಹಲವು ಕುಲಗಳಿಂದ ಹರಕೆಯಾಗಿ ಬಿಡಲ್ಪಟ್ಟವರು ಅವರಲ್ಲಿದ್ದಾರೆ. ಗುರುವಿನಿಂದ ದೀಕ್ಷೆ ಪಡೆದು, ರುದ್ರಾಕ್ಷಿ ಧರಿಸಿ, ಜೋಳಿಗೆ ಬೆತ್ತಗಳನ್ನು ಹಿಡಿದು, ಮಾದಪ್ಪನ ಕಥೆಯನ್ನು ಹಾಡಿ ಭಿಕ್ಷೆ ಬೇಡುವುದು ಅವರ ವ್ರತ.

ಅವರ ಮುಖ್ಯ ಲಾಂಛನ ಕಂಸಾಳೆ. ಕಂಚಿನ ಬಟ್ಟಲಿನಂಥ ಒಂದು ತಾಳ ಎಡಗೈಯಲ್ಲಿ. ಗೊಂಡೆ ಕಟ್ಟಿದ ಚಪ್ಪಟೆಯ ತಾಳ ಬಲಗೈಯಲ್ಲಿ. ಇದೇ ಸೀಮೆಯಲ್ಲಿ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ಹಾಡುವ ನೀಲಗಾರರೂ ಇದ್ದಾರೆ. ಅವರ ಕೈಯಲ್ಲಿ ತಂಬೂರಿ, ಡಕ್ಕಿ, ಗಗ್ಗರ. ಮುಂಜಾವದ ಮಬ್ಬಿನಲ್ಲಿ ಬಾಗಿಲಿಗೆ ಬಂದವರು ಯಾರೆಂದು ಒಳಗಿನ ಹೆಂಗಸು ಕದ ತೆರೆಯುವ ಮೊದಲೇ ಬಲ್ಲಳು. ಕಂಚಿನ ಝಣತ್ಕಾರ ಕೇಳಿದರೆ ಮಾದಪ್ಪನ ಗುಡ್ಡರು. ತಂತಿಯ ಮಿಡಿತ ಕೇಳಿದರೆ ಧರೆಗೆ ದೊಡ್ಡವರ ನೀಲಗಾರರು. ಲಾಂಛನವೆಂಬುದು ಕಣ್ಣಿಗೆ ಮಾತ್ರವಲ್ಲ, ಕಿವಿಗೂ ಸಲ್ಲುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಈ ಹಾಡುಗಳಿಗೆ ವಚನಗಳಂತೆ ಕವಿಯ ಅಂಕಿತವಿಲ್ಲ. ಪಿ. ಕೆ. ರಾಜಶೇಖರ, ಕೆ. ಕೇಶವನ್ ಪ್ರಸಾದ್ ಮೊದಲಾದ ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸುವವರೆಗೆ ಅವು ಗುಡ್ಡರ ನಾಲಗೆಯ ಮೇಲೆಯೇ ಬಾಳಿದವು.

ಮಾಯ್ಕಾರನೆಂಬ ಬಿರುದು

ಹೀಗೆ ಭಕ್ತರ ಕುರುಹುಗಳು ಢಾಳಾಗಿ ಎದ್ದುಕಾಣುತ್ತಿದ್ದರೆ, ಅವರ ದೇವರಿಗೆ ಅವರೇ ಕೊಟ್ಟ ಅಚ್ಚುಮೆಚ್ಚಿನ ಬಿರುದು 'ಮಾಯ್ಕಾರ'. ಕನ್ನಡದಲ್ಲಿ ಮಾಯವಾಗುವುದೆಂದರೆ ಕಣ್ಮರೆಯಾಗುವುದು. ಹುಲಿಯನ್ನೇರಿದವನು, ನಾಗನನ್ನು ಬೆತ್ತವಾಗಿ ಹಿಡಿದವನು ಎಂದು ಹಾಡಿನಲ್ಲಿ ಅವನ ಲಾಂಛನಗಳನ್ನು ಹೊಗಳುವ ಬಾಯಿಯೇ, ಅವನು ಗುರುತು ಸಿಕ್ಕದ ಮಾಯ್ಕಾರನೆಂದೂ ಹಾಡುತ್ತದೆ. ಅಕ್ಕನ ಎರಡು ಬಗೆಯ ವಚನಗಳಲ್ಲಿ ಕಂಡ ಸತ್ಯವೇ ಇಲ್ಲಿ ಓದು ಬರಹವರಿಯದ ಜನರ ಬಾಯಲ್ಲಿ ಮೂಡಿದೆ.

ಸಂಕಮ್ಮನ ಸಾಲು ಇದಕ್ಕೆ ಮುಕುಟಪ್ರಾಯವಾದುದು. ಪಾಠಾಂತರಗಳಿದ್ದರೂ ಕಥೆಯ ಎಲುಬು ಒಂದೇ. ಸೋಲಿಗರ ನೀಲೇಗೌಡನು ಮಡದಿಯನ್ನು ಬಿಟ್ಟು ಕಾಡಿಗೆ ಹೊರಡುವ ಮುನ್ನ, ತಾನು ಮರಳುವವರೆಗೆ ನಿಷ್ಠೆಯಿಂದಿರುವೆನೆಂದು ಭಾಷೆ ಕೊಡು ಎಂದು ಹಟ ಹಿಡಿಯುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ಭಾಷೆಯನ್ನು ಕೊಡುವುದೆಂದರೆ ಸಂಶಯಕ್ಕೆ ಎಡೆಯುಂಟೆಂದು ಒಪ್ಪಿದಂತೆ. ಶೀಲಕ್ಕೆ ಹೊರಗಿನ ಕುರುಹು ಬೇಕೆನ್ನುವವನು ಗಂಡ. ಶೀಲವೇ ಸಾಕು, ಕುರುಹು ಬೇಡವೆನ್ನುವವಳು ಹೆಂಡತಿ. ಅವನು ಆಕೆಯನ್ನು ಹಿಂಸಿಸಿ, ಕ್ರೂರವಾಗಿ ಕಟ್ಟಿಹಾಕಿ ಹೊರಟುಹೋಗುತ್ತಾನೆ. ಆ ಕತ್ತಲೆಯಲ್ಲಿ ಆಕೆಯ ಮೊರೆಯನ್ನು ಕೇಳಿ ಬರುವವನು ಜಂಗಮ ರೂಪಿನ ಮಾದಪ್ಪ. ಆಕೆಯನ್ನು ಬಿಡಿಸಿ, ಸಂತಾನದ ವರವನ್ನು ಕೊಡುತ್ತಾನೆ; ಮುಂದೆ ಹುಟ್ಟುವ ಕಾರಯ್ಯ, ಬಿಲ್ಲಯ್ಯ ಅವನ ಭಕ್ತರಾಗುತ್ತಾರೆ. ಮರಳಿದ ಗಂಡ ಮತ್ತೆ ಸಂಶಯಪಟ್ಟು ಪರೀಕ್ಷೆಗೊಡ್ಡಿದಾಗಲೂ ಆಕೆ ಗೆಲ್ಲುತ್ತಾಳೆ. ಕಲ್ಯಾಣದ ಸಭೆಯಲ್ಲಿ ಅಕ್ಕನನ್ನು ನಿಲ್ಲಿಸಿ ಕುರುಹು ಕೇಳಿದವರು ಜ್ಞಾನಿ; ಆ ಪ್ರಶ್ನೆ ಆಕೆಯ ನಿಲುವನ್ನು ಲೋಕಕ್ಕೆ ತೋರುವುದಕ್ಕಾಗಿ. ಕಾಡಿನ ಗುಡಿಸಲಿನಲ್ಲಿ ಸಂಕಮ್ಮನನ್ನು ಕುರುಹು ಕೇಳಿದವನು ಸಂಶಯಗ್ರಸ್ತ. ಪ್ರಶ್ನೆ ಒಂದೇ ಆದರೂ ಕೇಳುವವನ ಮನಸ್ಸಿನಿಂದ ಅದು ಒಂದು ಕಡೆ ದೀಪವಾಯಿತು, ಇನ್ನೊಂದು ಕಡೆ ಕಟ್ಟು ಆಯಿತು. ಇಬ್ಬರು ಹೆಣ್ಣುಮಕ್ಕಳ ಉತ್ತರದ ಧೈರ್ಯ ಮಾತ್ರ ಒಂದೇ.

ನೆರೆಯ ಮಂಟೇಸ್ವಾಮಿಯ ಕಾವ್ಯ ನಮ್ಮವರಿಗೆ ಇನ್ನೂ ಹತ್ತಿರದ ಪಾಠವನ್ನು ಹೇಳುತ್ತದೆ. ಅಲ್ಲಿ ಜಗದ ಗುರುವು ರೋಗಿಯಂತೆ, ಹೇಸಿಗೆಯ ವೇಷದಲ್ಲಿ ಕಲ್ಯಾಣಕ್ಕೆ ಬರುತ್ತಾನೆ. ಅವನ ಮೈಮೇಲೆ ಜನ ನಿರೀಕ್ಷಿಸಿದ ಲಾಂಛನವಿಲ್ಲ. ಮಹಾಮನೆಯಲ್ಲಿ ಲಾಂಛನ ಹೊತ್ತು ಕುಳಿತವರಿಗೆ ಅವನ ಗುರುತು ಸಿಕ್ಕುವುದಿಲ್ಲ, ಅಟ್ಟುತ್ತಾರೆ. ಗುರುತು ಹಿಡಿಯುವವರು ಬಸವಣ್ಣ ಮತ್ತು ನೀಲಮ್ಮ. ಕಥೆಯ ಚಾರಿತ್ರಿಕತೆಯನ್ನು ಕುರಿತು ವಾದಿಸುವುದು ಇಲ್ಲಿ ಅಪ್ರಸ್ತುತ. ಬದನೆಯ ಕಾಯಿಯ ಕಥೆಯೊಡನೆ ಇದನ್ನು ಇಟ್ಟು ನೋಡಿದರೆ ಎರಡೂ ಒಂದರ ಎರಡು ಮಗ್ಗುಲೆಂದು ತಿಳಿಯುತ್ತದೆ. ಸುಳ್ಳು ಲಾಂಛನದಲ್ಲಿಯೂ ಶಿವನನ್ನು ಕಂಡ ಕಣ್ಣೇ ಲಾಂಛನವಿಲ್ಲದಲ್ಲಿಯೂ ಶಿವನನ್ನು ಕಂಡಿತು. ಲಾಂಛನವನ್ನು ಮಾತ್ರ ಓದಬಲ್ಲ ಕಣ್ಣು ಎರಡೆಡೆಯಲ್ಲಿಯೂ ಸೋಲುತ್ತದೆ. ನಮ್ಮ ಮಠಮಾನ್ಯಗಳ ದಾಸೋಹದ ಬಾಗಿಲಲ್ಲಿ ನಿಲ್ಲುವವರೆಲ್ಲರೂ ಈ ಎರಡು ಕಥೆಗಳನ್ನು ಒಟ್ಟಿಗೆ ನೆನೆಯುವುದು ಒಳಿತೆಂದು ನನ್ನ ನಮ್ರ ಭಾವನೆ.

ಉಪಸಂಹಾರ

೨೦೨೩ರ ಮಾರ್ಚ್ ತಿಂಗಳಲ್ಲಿ ಬೆಟ್ಟದ ದೀಪದಗಿರಿ ಒಡ್ಡಿನಲ್ಲಿ ಹುಲಿಯ ಮೇಲೆ ಕುಳಿತ ಮಹದೇಶ್ವರಸ್ವಾಮಿಗಳ ೧೦೮ ಅಡಿ ಎತ್ತರದ ಪ್ರತಿಮೆ ಲೋಕಾರ್ಪಣೆಗೊಂಡಿತು. ಹಿಂದೆ ತಾಳುಬೆಟ್ಟದಿಂದ ಕಾಲ್ನಡಿಗೆಯಲ್ಲಿ ಹತ್ತಿ, ಗರ್ಭಗುಡಿಯ ಮಬ್ಬುಗತ್ತಲೆಯಲ್ಲಿ ಲಿಂಗವನ್ನು ಅರಸುತ್ತಿದ್ದ ಕಣ್ಣಿಗೆ ಈಗ ಸ್ವಾಮಿಯ ಆಕೃತಿ ದೂರದಿಂದಲೇ ತೋರುತ್ತದೆ. ಲಾಂಛನವಾಗಿ ಅದು ಸಲ್ಲುವಂಥದೇ. ಮಕ್ಕಳಿಗೆ ಬೆರಳಿಟ್ಟು ತೋರಿಸಬಹುದು. ಆದರೆ ಅಷ್ಟು ದೊಡ್ಡದಾಗಿ ಕಾಣುವವನನ್ನು ಗುಡ್ಡರು ಇಂದಿಗೂ ಮಾಯ್ಕಾರನೆಂದೇ ಕೂಗುತ್ತಾರೆ. ಆ ಕೂಗು ನಿಲ್ಲದಿರುವವರೆಗೆ ಪ್ರತಿಮೆ ಕೈಮರವಾಗಿಯೇ ಉಳಿದೀತು, ಊರಾಗದು. ಕಂಸಾಳೆಯ ವಿಚಾರದಲ್ಲಿಯೂ ಇದೇ ಎಚ್ಚರ ಬೇಕು. ಇಂದು ಅದು ಸಭೆ, ಮೆರವಣಿಗೆಗಳ ವೇದಿಕೆಯನ್ನೇರಿ ನಾಡಿಗೆಲ್ಲ ಪರಿಚಿತವಾಗಿದೆ, ಸಂತೋಷ. ದೀಕ್ಷೆಯಿಲ್ಲದೆ, ವ್ರತವಿಲ್ಲದೆ ಒಂದು ಗಂಟೆಯ ಹೊತ್ತು ತೊಟ್ಟು ಕಳಚುವ ರುದ್ರಾಕ್ಷಿಯನ್ನು ಚೌಡಯ್ಯನು ವೇಷವೆಂದಾನು. ಅದೇ ಕಂಸಾಳೆಯ ಹಾಡಿಗೆ ಸಭೆಯ ಕೊನೆಯ ಸಾಲಿನಲ್ಲಿ ಕುಳಿತ ಮುದುಕಿಯೊಬ್ಬಳು ಕೈಮುಗಿದರೆ ಬಸವಣ್ಣನವರು ಅದನ್ನು ಬದನೆಯ ಕಾಯಿ ಲಿಂಗವಾದ ಕ್ಷಣವೆಂದಾರು. ಎರಡು ಮಾತೂ ಸತ್ಯ.

ಈಗ ಆ ಹುಡುಗನ ಪ್ರಶ್ನೆಗೆ ಮರಳುತ್ತೇನೆ. ಅವನಿಗೆ ನಾನು ಹೇಳಬೇಕಾಗಿದ್ದುದು ಇಷ್ಟು: 'ಮಗು, ನಿನ್ನ ತಾತ ಬೀದಿಯಲ್ಲಿ ಬರುವಾಗ ನಾವು ಕಂಡು ಇವರು ಮಾದಪ್ಪನ ಗುಡ್ಡರೆಂದು ದಾರಿ ಬಿಡುತ್ತೇವಲ್ಲ, ಆಗ ಅವರ ಕೊರಳಿನಲ್ಲಿರುವುದು ಲಾಂಛನ. ನೀನು ದೂರದಿಂದ ಅವರ ತಾಳದ ದನಿ ಕೇಳಿ ನಮ್ಮ ತಾತ ಬಂದರೆಂದು ಓಡುತ್ತೀಯಲ್ಲ, ಅದು ಗುರುತು. ರಾತ್ರಿ ಎಲ್ಲರೂ ಮಲಗಿದ ಮೇಲೆ, ನೋಡುವವರು ಯಾರೂ ಇಲ್ಲದಾಗ, ಅವರು ಅದೇ ಸರವನ್ನು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕುಳಿತುಕೊಳ್ಳುತ್ತಾರಲ್ಲ, ಆಗ ಅದು ಕುರುಹು.' ವಸ್ತು ಒಂದೇ, ಮಾತು ಮೂರು. ಮೂರನ್ನೂ ಒಂದೆಂದು ಬರೆಯಿಸಿದ ತಪ್ಪು ನನ್ನದು. ಆ ಹುಡುಗ ಈಗ ಎಲ್ಲಿರುವನೋ ತಿಳಿಯದು. ಅವನಿಗೂ ಒಂದೆರಡು ಮಕ್ಕಳಿರಬಹುದು. ಅವರಲ್ಲೊಬ್ಬರು ಇದೇ ಪ್ರಶ್ನೆಯನ್ನು ಕೇಳಿದಾಗಲಾದರೂ ಅವರಿಗೆ ಸರಿಯಾದ ಉತ್ತರ ದೊರೆಯಲೆಂದು ಏಳುಮಲೆಯ ಒಡೆಯನನ್ನು ಬೇಡಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.